ಮಕ್ಕಳ ಇನ್‌ಸ್ಟಾಗ್ರಾಂ: ಮೊದಲು ಹುಟ್ಟಿದ ವರ್ಷ ನೋಡಿ

ಹೋದ ಚಳಿಗಾಲದ ಒಂದು ಭಾನುವಾರ ನಾನೂ ಮಗಳೂ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಅವಳಿಗೆ ಹದಿನಾಲ್ಕು, ಒಂಬತ್ತನೇ ಕ್ಲಾಸು. ಸುಮ್ನೆ ಮಾತಿಗೆ ಕೇಳಿದೆ, ಇನ್‌ಸ್ಟಾಗ್ರಾಂನಲ್ಲಿ ನಿನ್ನ ವಯಸ್ಸು ಎಷ್ಟು ಅಂತ ಹಾಕಿದೀಯಾ? ಕೈಯಲ್ಲಿದ್ದ ಸಿಪ್ಪೆ ಬುಟ್ಟಿಗೆ ಎಸೆದು ನಕ್ಕಳು. "ನಾನು 1999ರಲ್ಲಿ ಹುಟ್ಟಿದೀನಿ ಅಮ್ಮ." ಕ್ಲಾಸಿನಲ್ಲಿ ಎಲ್ಲರೂ ಹಾಗೇ ಹಾಕಿದ್ದಾರಂತೆ. ಇವಳು ಅಕೌಂಟ್ ತೆರೆದಾಗ ಹನ್ನೊಂದು ವರ್ಷ, ಹದಿಮೂರು ತುಂಬದೆ ಒಳಗೆ ಬಿಡುವುದಿಲ್ಲ ಅಂತ ಗೊತ್ತಿತ್ತು, ಬೆರಳಿಗೆ ಸಿಕ್ಕ ವರ್ಷ ಒತ್ತಿದ್ದಾಳೆ.

ನನಗೂ ನಗು ಬಂತು. ಆದರೆ ಎಡವಟ್ಟು ಶುರುವಾಗುವುದೇ ಅಲ್ಲಿಂದ. 2025ರ ಫೆಬ್ರವರಿಯಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲೂ 'ಟೀನ್ ಅಕೌಂಟ್' ತಂದಿತು. ಚಿಕ್ಕವರ ಅಕೌಂಟ್ ತಾನಾಗೇ ಪ್ರೈವೇಟ್ ಆಗುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸಲಾಗುವುದಿಲ್ಲ, 60 ನಿಮಿಷ ಆದ ಮೇಲೆ ಇನ್ನು ಸಾಕು ಅಂತ ನೆನಪಿಸುತ್ತದೆ, ಮತ್ತೆ 16 ತುಂಬದ ಮಕ್ಕಳು ಇದನ್ನೆಲ್ಲ ಸಡಿಲ ಮಾಡಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಒಳ್ಳೇದೇ. ಆದರೆ ಕಂಪನಿಯ ಲೆಕ್ಕದಲ್ಲಿ ನನ್ನ ಮಗಳು ಮದುವೆ ವಯಸ್ಸು ಮೀರಿದ ಹೆಂಗಸು, ಅವಳಿಗೆ ಇದರಲ್ಲಿ ಯಾವುದೂ ಸಿಗುವುದಿಲ್ಲ.

ಹಾಗಾಗಿ ಹುಟ್ಟಿದ ತಾರೀಕನ್ನು ಇವತ್ತೇ ಸರಿ ಮಾಡಿ. ಪ್ರೊಫೈಲಿಗೆ ಹೋಗಿ, ಮೇಲಿನ ಮೂರು ಗೆರೆ ಒತ್ತಿ, ಅಕೌಂಟ್ಸ್ ಸೆಂಟರ್, ಅಲ್ಲಿಂದ ಪರ್ಸನಲ್ ಡೀಟೇಲ್ಸ್, ಅದರೊಳಗೆ ಬರ್ತ್‌ಡೇ. ಮಗು ಮಲಗಿದಾಗ ಕದ್ದು ಮಾಡಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಅದರ ಕೈಯಲ್ಲೇ ಮಾಡಿಸಿ. ಹದಿಮೂರು ಇನ್ನೂ ತುಂಬಿಲ್ಲದಿದ್ದರೆ ಅಕೌಂಟೇ ಹೋಗುತ್ತದೆ. ಹೋಗಲಿ ಬಿಡಿ. ಎರಡು ದಿನ ಮುಖ ಊದಿಸಿಕೊಂಡಿರುತ್ತಾರೆ, ಅಷ್ಟೇ.

ಆಮೇಲೆ 'ಸೂಪರ್‌ವಿಷನ್' ಅಂತ ಒಂದಿದೆ. ಅದಕ್ಕೆ ನಿಮಗೂ ಒಂದು ಅಕೌಂಟ್ ಇರಬೇಕು. ಮಗು ಒಪ್ಪಿದರೆ, ಕಳೆದ ಏಳು ದಿನದಲ್ಲಿ ಅದು ಯಾರ ಜೊತೆ ಚಾಟ್ ಮಾಡಿದೆ ಅಂತ ನಿಮಗೆ ಕಾಣುತ್ತದೆ, ಏನು ಮಾತಾಡಿದೆ ಅನ್ನುವುದು ಕಾಣುವುದಿಲ್ಲ. ನನ್ನ ಪ್ರಕಾರ ಅಷ್ಟು ಸಾಕು. ನಮ್ಮ ಕಾಲದಲ್ಲಿ ಗೆಳತಿ ಬರೆದ ಕಾಗದವನ್ನು ನಾವು ಅಮ್ಮನಿಗೆ ಓದಿ ಹೇಳ್ತಿದ್ವಾ? ಮೆಸೇಜನ್ನೆಲ್ಲ ಓದೋಕೆ ಹೋದರೆ ಇನ್ನೊಂದು ಅಕೌಂಟ್ ಹುಟ್ಟುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ವಾಟ್ಸಾಪ್‌ಗೆ ಐದು ನಿಮಿಷದ ಕೆಲಸ. ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಗ್ರೂಪ್ಸ್, ಪ್ರೊಫೈಲ್ ಫೋಟೊ ಎರಡನ್ನೂ 'ಮೈ ಕಾಂಟ್ಯಾಕ್ಟ್ಸ್' ಮಾಡಿ. ಟು ಸ್ಟೆಪ್ ವೆರಿಫಿಕೇಶನ್, ಅಂದರೆ ನೀವೇ ಇಡುವ ಇನ್ನೊಂದು ಪಿನ್, ಆನ್ ಮಾಡಿ. ಆರು ಅಂಕಿಯ ಕೋಡ್ ಬಂದರೆ ಬೆಸ್ಟ್ ಫ್ರೆಂಡ್ ಕೇಳಿದರೂ ಕೊಡಬಾರದು, ಯಾಕಂದರೆ ಕೇಳುತ್ತಿರುವುದು ಫ್ರೆಂಡ್ ಅಲ್ಲ, ಫ್ರೆಂಡ್ ಅಕೌಂಟನ್ನು ಆಗಲೇ ಹಾರಿಸಿದವನು. ಸ್ನ್ಯಾಪ್‌ಚಾಟ್ ಇದ್ದರೆ ಅದರ ಮ್ಯಾಪ್‌ನಲ್ಲಿ ಘೋಸ್ಟ್ ಮೋಡ್ ಹಾಕಿಸಿ, ಇಲ್ಲದಿದ್ದರೆ ಮಗು ಎಲ್ಲಿದೆ ಅಂತ ಲಿಸ್ಟಿನಲ್ಲಿರುವವರಿಗೆಲ್ಲ ಕಾಣಬಹುದು. ಗಂಡುಮಕ್ಕಳಿದ್ದರೆ ಗೇಮಿನ ವಾಯ್ಸ್ ಚಾಟ್ ಮರೆಯಬೇಡಿ, ಅದೂ ಒಂಥರಾ ಸೋಶಿಯಲ್ ಮೀಡಿಯಾನೇ.

ಮಕ್ಕಳಿಗೆ ಇಷ್ಟೆಲ್ಲ ಹೇಳುವ ನಾವೇನು ಕಮ್ಮಿ? ಮಗಳಿಗೆ ಭಾಷಣದಲ್ಲಿ ಬಹುಮಾನ ಬಂದಾಗ ನಮ್ಮ ಯಜಮಾನರು ಫೇಸ್‌ಬುಕ್‌ಗೆ ಫೋಟೊ ಹಾಕಿದ್ದರು, ಎಲ್ಲರಿಗೂ ಕಾಣುವ ಹಾಗೆ. ನಾನೂ ಲೈಕ್ ಒತ್ತಿದ್ದೆ. ವಾರದ ಮೇಲೆ ಅದನ್ನು ದೊಡ್ಡದು ಮಾಡಿ ನೋಡಿದರೆ ಯೂನಿಫಾರ್ಮ್ ಮೇಲೆ ಸ್ಕೂಲಿನ ಹೆಸರು, ಕೊರಳಲ್ಲಿ ಐಡಿ ಕಾರ್ಡು, ಸರ್ಟಿಫಿಕೇಟಿನಲ್ಲಿ ಪೂರ್ತಿ ಹೆಸರು, ಕ್ಲಾಸು, ಸೆಕ್ಷನ್ನು, ಹಿಂದೆ ಸ್ಕೂಲ್ ಬಸ್ಸಿನ ನಂಬರು. ಗೇಟಿನ ಹತ್ತಿರ ಬಂದು "ನಿಮ್ಮಪ್ಪ ಕಳಿಸಿದ್ರು" ಅನ್ನೋಕೆ ಇನ್ನೇನು ಬೇಕು? ಈಗ ನಮ್ಮ ಮನೆಯಲ್ಲಿ ಅವಳ ಫೋಟೊ ಹಾಕುವ ಮುಂಚೆ ಅವಳನ್ನೇ ಕೇಳಬೇಕು. ಅರ್ಧಕ್ಕರ್ಧ ಬೇಡ ಅಂತಾಳೆ.

ಇನ್ನು ಹೆದರಿಕೆ ಹುಟ್ಟಿಸುವ ವಿಷಯ. ಚೆಂದದ ಡಿಪಿ ಇರುವ ಒಂದು ಹುಡುಗಿಯ ಅಕೌಂಟಿನಿಂದ ರಿಕ್ವೆಸ್ಟ್ ಬರುತ್ತದೆ. ಎರಡು ದಿನ ಊಟ ಆಯ್ತಾ, ಎಕ್ಸಾಮ್ ಹೇಗಿತ್ತು ಅಂತ ಮಾತು. ಮೂರನೇ ದಿನ ವಿಡಿಯೊ ಕಾಲ್ ಅಥವಾ ಮೈ ತೋರಿಸುವ ಒಂದು ಫೋಟೊ ಕಳಿಸು ಅನ್ನುವ ಒತ್ತಾಯ. ಆಮೇಲೆ ಅದೇ ಸ್ಕ್ರೀನ್‌ಶಾಟ್, ಜೊತೆಗೆ ಮಗುವಿನ ಫಾಲೋವರ್ಸ್ ಲಿಸ್ಟು, ದುಡ್ಡು ಹಾಕು ಇಲ್ಲಾಂದ್ರೆ ಇವರಿಗೆಲ್ಲ ಕಳಿಸ್ತೀನಿ. ಹೆಣ್ಣುಮಕ್ಕಳಿಗೆ ಮಾತ್ರ ಆಗುವುದಲ್ಲ ಇದು, ಹುಡುಗರೂ ಜಾಸ್ತಿ ಸಿಕ್ಕಿಬೀಳುತ್ತಾರೆ.

ಆಗ ಮಗುವಿನ ತಲೆಯಲ್ಲಿ ಓಡುವುದು ಒಂದೇ: ಹೇಳಿದರೆ ಅಮ್ಮ ಫೋನ್ ಕಿತ್ಕೋತಾಳೆ, ಅಪ್ಪ ಹೊಡೀತಾನೆ. ಆ ಬದಮಾಶ್‌ಗೆ ಬೇಕಾಗಿರುವುದೂ ಈ ಭಯವೇ. ಅದಕ್ಕೆ ಏನೂ ಆಗದಿರುವಾಗಲೇ ಒಂದು ಮಾತು ಕೊಟ್ಟುಬಿಡಿ. "ಏನೇ ಎಡವಟ್ಟು ಮಾಡಿಕೊಂಡಿದ್ರೂ ಬಂದು ಹೇಳು, ಬೈಯಲ್ಲ, ಫೋನೂ ಕಿತ್ಕೊಳಲ್ಲ." ಹೇಳಿದ ಮೇಲೆ ಉಳಿಸಿಕೊಳ್ಳಿ. ನಾನು ಒಂದು ಸಲ ಉಳಿಸಿಕೊಳ್ಳಲಿಲ್ಲ, ಸಣ್ಣ ವಿಷಯಕ್ಕೆ ಕಿರುಚಿದೆ. ಆಮೇಲೆ ಮೂರು ತಿಂಗಳು ಅವಳು ನನ್ನ ಹತ್ತಿರ ಏನೂ ಹೇಳಲೇ ಇಲ್ಲ.

ಅಂಥದ್ದು ಬಂದೇ ಬಿಟ್ಟರೆ ದುಡ್ಡು ಹಾಕಬೇಡಿ, ಒಂದು ಸಲ ಹಾಕಿದರೆ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಡಿಲೀಟ್ ಮಾಡಬೇಡಿ. ಅವನ ಯೂಸರ್‌ನೇಮ್, ಮೆಸೇಜು, ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್. ಮಗುವಿನ ಅಂಥ ಫೋಟೊವನ್ನು ಮಾತ್ರ ಸಾಕ್ಷಿ ಅಂತ ಚಿಕ್ಕಪ್ಪನಿಗೋ ಲಾಯರಿಗೋ ಫಾರ್ವರ್ಡ್ ಮಾಡಬೇಡಿ, ಮಕ್ಕಳ ಅಂಥ ಚಿತ್ರ ಹಂಚುವುದು ಕಾನೂನಿನಲ್ಲಿ ಅಪರಾಧ. ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಥವಾ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಕೊಡಿ. ಮಕ್ಕಳ ವಿಷಯವಾದರೆ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ನಮ್ಮ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ (CEN) ಪೊಲೀಸ್ ಠಾಣೆ ಇದೆ, ನೇರವಾಗಿ ಅಲ್ಲಿಗೂ ಹೋಗಬಹುದು.

ಫೋಟೊ ಹರಡುತ್ತದೆ ಅನ್ನುವ ಭಯಕ್ಕೆ 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ, ಅಮೆರಿಕದ್ದು, ನಮ್ಮ ಮಕ್ಕಳೂ ಬಳಸಬಹುದು. ಫೋಟೊ ನಿಮ್ಮ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅದರ ಬೆರಳಚ್ಚಿನಂಥ ಒಂದು ಕೋಡ್ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಥರದ ಕಂಪನಿಗಳು ಆ ಕೋಡ್ ಹಿಡಿದು ಹುಡುಕಿ ತೆಗೆಯುತ್ತವೆ.

ನಮ್ಮ ಫ್ರಿಜ್ ಮೇಲೆ ಗ್ಯಾಸ್ ಬುಕ್ಕಿಂಗ್ ನಂಬರಿನ ಪಕ್ಕ 1930 ಬರೆದು ಅಂಟಿಸಿದ್ದೇನೆ. ಅದರ ಕೆಳಗೆ 1098, ಮಕ್ಕಳ ಸಹಾಯವಾಣಿ ಅಂತ ಹಸಿರು ಸ್ಕೆಚ್ ಪೆನ್ನಿನಲ್ಲಿ ಸೇರಿಸಿದ್ದು ಅವಳೇ.