ಮಂಜಿನ ಫೋಟೋಗೆ 16 ಬಿಟ್ ಯಾಕೆ ಬೇಕು

ನಾನು ತೆಗೆಯುವುದು ಹೆಚ್ಚಾಗಿ ಮಲೆನಾಡಿನ ಬೆಟ್ಟಗಳ ಫೋಟೋ. ಮಳೆಗಾಲ ಕಳೆದ ಮೇಲೆ ಮುಳ್ಳಯ್ಯನಗಿರಿ ಕಡೆ ಬೆಳಗಿನ ಮಂಜು ಕಣ್ಣಿಗೆ ಚೆಂದ, ಫೈಲಿನಲ್ಲಿ ಮಾತ್ರ ಸಪ್ಪೆ. ಕತ್ತಲನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ಹಿಸ್ಟೋಗ್ರಾಂ ನಕ್ಷೆ ತೆರೆದರೆ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನಡುವೆ ಒಂದಿಷ್ಟು ಉಬ್ಬು. ಆ ಉಬ್ಬನ್ನು ಅಗಲ ಮಾಡುವುದೇ ನನ್ನ ಎಡಿಟಿಂಗ್. ಬಿಟ್ ಡೆಪ್ತ್, ಅಂದರೆ ಫೈಲು ಒಂದೊಂದು ಬಣ್ಣವನ್ನು ಎಷ್ಟು ಹಂತಗಳಲ್ಲಿ ಹಿಡಿದಿಡುತ್ತದೆ ಎಂಬುದು, ತನ್ನ ಗುಣ ತೋರಿಸುವುದೂ ಅಲ್ಲೇ.

8 ಬಿಟ್ ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತ. ಮೂರೂ ಸೇರಿದರೆ ಸುಮಾರು 1.67 ಕೋಟಿ ಬಣ್ಣ. ನೋಡುವುದಕ್ಕೆ ಧಾರಾಳ ಸಾಕು. ಆದರೆ ಮಂಜಿನ ಚಿತ್ರ 100ರಿಂದ 160ರೊಳಗೇ ಮುಗಿದಿದೆ ಎಂದುಕೊಳ್ಳಿ. ಆಗ ಕೈಯಲ್ಲಿರುವುದು 61 ಹಂತ ಅಷ್ಟೇ. ಲೆವೆಲ್ಸ್‌ನಲ್ಲಿ 100ನ್ನು 0ಗೆ (ಕಪ್ಪು), 160ನ್ನು 255ಕ್ಕೆ (ಬಿಳಿ) ಎಳೆದರೆ ಅವೇ 61 ಹಂತಗಳು ನಾಲ್ಕಕ್ಕೊಂದರಂತೆ ದೂರ ದೂರ ನಿಲ್ಲುತ್ತವೆ. ನಡುವೆ ತುಂಬಲು ಫೈಲಿನಲ್ಲಿ ಏನೂ ಇಲ್ಲ. ಹಿಸ್ಟೋಗ್ರಾಂ ಬಾಚಣಿಗೆಯ ಹಲ್ಲಿನಂತಾಗುತ್ತದೆ, ಬೆಟ್ಟದ ಹಿಂದಿನ ಆಕಾಶದಲ್ಲಿ ಪಟ್ಟಿ ಪಟ್ಟಿ ಏಳುತ್ತದೆ.

ಹಾಗಾಗಿ ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ರಾ ಫೈಲಿನಲ್ಲೇ ತೆಗೆಯುತ್ತೇನೆ. 14 ಬಿಟ್ ಎಂದರೆ 16,384 ಹಂತ. ಆದರೆ ಸೆನ್ಸರ್ ಇವನ್ನು ಸಮನಾಗಿ ಹಂಚುವುದಿಲ್ಲ: ಅತಿ ಬೆಳಕಿನ ಒಂದು ಸ್ಟಾಪಿಗೇ (ಬೆಳಕು ಇಮ್ಮಡಿಯಾಗುವ ಒಂದು ಮೆಟ್ಟಿಲು) ಅರ್ಧ, ಅಂದರೆ 8,192, ಅದರ ಕೆಳಗಿನದಕ್ಕೆ 4,096, ಹೀಗೆ ಅರ್ಧರ್ಧವಾಗಿ ಇಳಿಯುತ್ತಾ ಕತ್ತಲಿನ ಭಾಗಕ್ಕೆ ಚಿಲ್ಲರೆ ಉಳಿಯುತ್ತದೆ. ಅದಕ್ಕೇ ಮಂಜು ಬರೀ ಬಿಳಿಯಾಗಿ ವಿವರ ಹಾರಿಹೋಗದಷ್ಟು ನೋಡಿಕೊಂಡು ತುಸು ಹೆಚ್ಚೇ ಎಕ್ಸ್‌ಪೋಸ್ ಮಾಡಿ, ಆಮೇಲೆ ಇಳಿಸುತ್ತೇನೆ.

ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಕಾಂಟ್ರಾಸ್ಟ್‌ನಂಥ ದೊಡ್ಡ ಎಳೆದಾಟಗಳೆಲ್ಲ ಲೈಟ್‌ರೂಮಿನಲ್ಲೇ ಮುಗಿಯುತ್ತವೆ. ಫೋಟೋಶಾಪಿಗೆ ಕಳಿಸುವಾಗ 16 ಬಿಟ್ ಟಿಫ್ ಫೈಲು, ಪ್ರೊಫೋಟೋ ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆ. ಪ್ರೊಫೋಟೋದ ಬಣ್ಣದ ಹರವು ದೊಡ್ಡದು. ಅದರ ಜೊತೆ 8 ಬಿಟ್ ಇಟ್ಟರೆ ಅದೇ 256 ಹಂತಗಳು ಇನ್ನಷ್ಟು ದೂರವಾಗುತ್ತವೆ. ಈ ಜೋಡಿ ಮಾತ್ರ ಬೇಡವೇ ಬೇಡ. ಅಂದ ಹಾಗೆ, ಫೋಟೋಶಾಪಿನ 16 ಬಿಟ್ ಒಳಗೆ ಓಡುವುದು 0ಯಿಂದ 32,768ರವರೆಗೆ. ಹೆಸರು ಹೇಳುವ 65,536 ಹಂತಕ್ಕಿಂತ ಕಡಿಮೆ, ನಮ್ಮ ಕೆಲಸಕ್ಕೆ ಬೇಕಾದಷ್ಟು.

ಯಾರಾದರೂ ಜೆಪೆಗ್ ತಂದುಕೊಟ್ಟರೆ? ಅದನ್ನೂ 16 ಬಿಟ್‌ಗೆ ಬದಲಿಸಿಕೊಂಡೇ ಶುರು ಮಾಡುತ್ತೇನೆ. ಹೋದ ಹಂತಗಳು ವಾಪಸ್ ಬರುವುದಿಲ್ಲ, ನಿಜ. ಆದರೆ ಬೆಳಕು-ಕತ್ತಲು ತಿದ್ದುವ ಕರ್ವ್ಸ್ ಮೇಲೆ ಕರ್ವ್ಸ್ ಹಾಕುವಾಗ ಪ್ರತಿ ಸಲವೂ ಅಂಕಿ ದುಂಡಾಗಿ ಹೊಸದಾಗಿ ಹಂತ ಕಳೆಯುವುದು ತಪ್ಪುತ್ತದೆ.

ಮದುವೆ, ಜಾತ್ರೆ ಫೋಟೋಗಳಿಗೆ ಇಷ್ಟೆಲ್ಲ ಮಾಡುವುದಿಲ್ಲ. ಎಕ್ಸ್‌ಪೋಷರ್ ಸರಿಯಿದ್ದರೆ 8 ಬಿಟ್ ಸಾಕು. ರೇಷ್ಮೆ ಸೀರೆಯ ನೇಯ್ಗೆಯಲ್ಲಿ, ಜನಜಂಗುಳಿಯಲ್ಲಿ ಪಟ್ಟಿ ಹುಡುಕಿದರೂ ಸಿಗದು. 24 ಮೆಗಾಪಿಕ್ಸೆಲ್ ಚಿತ್ರ ಕಂಪ್ರೆಸ್ ಮಾಡದೆ 8 ಬಿಟ್‌ನಲ್ಲಿ 72 ಎಂಬಿ, 16ರಲ್ಲಿ 144. ಲೇಯರ್ ಸೇರಿಸಿದರೆ ಲ್ಯಾಪ್‌ಟಾಪ್ ಫ್ಯಾನು ಕೂಗಲು ಶುರು.

ಲ್ಯಾಬಿಗೆ ಕೊಡುವುದು ಹೇಗೂ 8 ಬಿಟ್ ಜೆಪೆಗ್. ಬದಲಿಸುವ ಮುನ್ನ ಆಕಾಶಕ್ಕೆ ಕಂಡೂ ಕಾಣದಷ್ಟು ಗ್ರೇನ್ (ಮರಳಿನಂಥ ಸಣ್ಣ ಚುಕ್ಕಿ) ಸೇರಿಸುತ್ತೇನೆ, ಪಟ್ಟಿಯ ಅಂಚು ಒಡೆದುಹೋಗುತ್ತದೆ. ಪಟ್ಟಿ ಕಂಡ ಕೂಡಲೇ ಫೈಲನ್ನೇ ಬೈಯಬೇಡಿ. ಚಿತ್ರ ಕುಗ್ಗಿಸಿ ನೋಡುವಾಗ ಕಂಡದ್ದು 100% ಜೂಮ್‌ನಲ್ಲಿ ಮಾಯವಾಗುವುದುಂಟು. ಅಗ್ಗದ ಮಾನಿಟರುಗಳಲ್ಲಿ 6 ಬಿಟ್ ಪ್ಯಾನೆಲ್ಲೂ ಇರುತ್ತದೆ, ಆಗ ಪಟ್ಟಿ ಇರುವುದು ಪರದೆಯಲ್ಲೇ.