ಚೈನ್‌ಮೇಲ್ ತುಕ್ಕಿಗೆ ಒಣ ಮರಳು ಸಾಕು

ಚೈನ್‌ಮೇಲ್ ಅಂಗಿಗೆ, ಅಂದರೆ ಕಬ್ಬಿಣದ ಉಂಗುರಗಳನ್ನು ಹೆಣೆದು ಮಾಡಿದ ಯುದ್ಧಕವಚಕ್ಕೆ, ತುಕ್ಕು ಹಿಡಿದಿದ್ದರೆ ಬ್ರಷ್ ಹಿಡಿದು ಕೂರಬೇಡಿ. ಚರ್ಮದ ಪಟ್ಟಿಗಳನ್ನು ಬಿಚ್ಚಿ, ಅಂಗಿಯನ್ನು ಮುಚ್ಚಳವಿರುವ ಡ್ರಮ್ಮಿಗೆ ಹಾಕಿ, ನಾಲ್ಕಾರು ಬೊಗಸೆ ಒಣ ಮರಳು ಸುರಿದು ಅಂಗಳದಲ್ಲಿ ಅರ್ಧ ಗಂಟೆ ಉರುಳಿಸಿ. ಡ್ರಮ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಒಳಗೆ ಹೊರಳಲು ಜಾಗ ಬೇಕು. ಉಂಗುರಕ್ಕೆ ಉಂಗುರ ಉಜ್ಜುತ್ತದೆ, ಬ್ರಷ್ ತಲುಪದ ಸಂದಿಗೂ ಮರಳು ನುಗ್ಗುತ್ತದೆ. ಮಧ್ಯಯುಗದ ಯುರೋಪಿನಲ್ಲೂ ಮರದ ಪೀಪಾಯಿಯಲ್ಲಿ ಹೀಗೇ ಉರುಳಿಸುತ್ತಿದ್ದರು. ಎಲ್ಲವೂ ಆ ಕಾಲದಂತೆಯೇ ಇರಬೇಕೆಂದು ತಕರಾರು ತೆಗೆಯುವವರಿಗೂ ಉತ್ತರ ಸಿಕ್ಕಿತು! ಆಮೇಲೆ ಚೆನ್ನಾಗಿ ಕೊಡವಿ, ತೆಳುವಾಗಿ ಎಣ್ಣೆ ಸವರಿ. ಸತುವಿನ ಲೇಪವಿರುವ ಉಂಗುರಗಳಿಗೆ ಇದು ಬೇಡ, ಲೇಪವೇ ಸವೆದುಹೋಗುತ್ತದೆ. ರಿವೆಟ್ (ತುದಿಗಳನ್ನು ಬಿಗಿಯುವ ಪುಟ್ಟ ಮೊಳೆ) ಇಲ್ಲದೆ ತುದಿಗೆ ತುದಿ ತಾಗಿಸಿದ ಉಂಗುರಗಳು ಅಲ್ಲಲ್ಲಿ ಬಾಯಿ ಬಿಡಬಹುದು. ಸಮುದ್ರದ ಮರಳಂತೂ ಬೇಡವೇ ಬೇಡ, ಅದರಲ್ಲಿ ಉಪ್ಪಿರುತ್ತದೆ.