ಬದುವಿನ ಮೇಲೆ ಹದಿನೈದು ನಿಮಿಷ: ಗಿಡ ಹಿಡಿದು ಹುಳ ನೋಡುವುದು ಹೇಗೆ?

ಹುಳುಗಳ ಹೆಸರು ಕಲೀಬೇಕು ಅಂತ ಹೊರಟವರು ಸಾಮಾನ್ಯವಾಗಿ ವಾರದೊಳಗೆ ಕೈಬಿಡುತ್ತಾರೆ. ಹೆಸರು ಹುಡುಕುವಷ್ಟರಲ್ಲಿ ಹುಳ ಹಾರಿಹೋಗಿರುತ್ತದೆ. ಗಿಡ ಎಲ್ಲಿಗೂ ಹೋಗುವುದಿಲ್ಲ. ಅದರ ಹೆಸರು ಊರಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ಗಿಡದಿಂದಲೇ ಶುರು ಮಾಡಿ. ಹುಳ ಯಾವ ಗಿಡದ ಮೇಲಿದೆ, ಅದರ ಯಾವ ಭಾಗದಲ್ಲಿದೆ, ಏನು ಮಾಡುತ್ತಿದೆ? ಇಷ್ಟು ಗೊತ್ತಾದರೆ ಅದರ ಅರ್ಧ ಜಾತಕ ಸಿಕ್ಕಿತು ಅನ್ನಿ.

ಹೊರಡುವ ಮುಂಚೆ

ದೂರದ ಕಾಡಿಗೆ ಹೋಗಬೇಕಿಲ್ಲ. ರಾಗಿ, ತೊಗರಿ ಇರುವ ಹೊಲದ ಬದು ಸಾಕು. ಕಳೆನಾಶಕ ಹೊಡೆಯದ, ಬೆಂಕಿ ಇಡದ ಬದು ಹುಡುಕಿ. ಚಿಟ್ಟೆಗಳಿಗೆ ಬೆಳಗ್ಗೆ 8ರಿಂದ 10 ಗಂಟೆಯ ಎಳೆ ಬಿಸಿಲು ಸರಿಯಾದ ಹೊತ್ತು. ಕುಂಬಳದ ಹೂವಿಗೆ ಬರುವ ಜೇನು ನೋಡಬೇಕಾದರೆ ಬೆಳಗಾಗುತ್ತಲೇ ಹೋಗಿ, ಆ ಹೂವು ಮಧ್ಯಾಹ್ನದವರೆಗೂ ಕಾಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ 4 ಕಾಲಂ ಎಳೆದುಕೊಳ್ಳಿ: ಗಿಡ, ಭಾಗ, ಹುಳ, ಕೆಲಸ. ಹೆಸರು ಗೊತ್ತಿಲ್ಲದಿದ್ದರೆ ‘ಹಸಿರು ಬೆನ್ನಿನ ಸಣ್ಣ ನೊಣ’ ಅಂತ ಬರೆದರೂ ನಡೆಯುತ್ತದೆ. ಬಲೆ ಬೇಡ.

ಮೊದಲ ಗಿಡ ಎಕ್ಕವೇ ಇರಲಿ

ಎಕ್ಕದ ಮುಂದೆ ಕೂತು ಬರಿಗೈಯಲ್ಲಿ ಎದ್ದು ಬರುವುದು ಕಷ್ಟ. ಸುಮ್ನೆ ಹದಿನೈದು ನಿಮಿಷ ಕೂತುಕೊಳ್ಳಿ. ಒಂದೇ ಎಚ್ಚರಿಕೆ, ಹಾಲು ಕೈಗೆ ತಾಗಿದರೆ ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.

ಹೂವಿನಿಂದ ಶುರು ಮಾಡಿ. ಗುಂಯ್ ಅಂತ ಬರುವ ದಪ್ಪ ಕಪ್ಪು ದುಂಬಿ ಒಣ ಮರ ಕೊರೆದು ಮನೆ ಮಾಡುವ ಬಡಗಿ ದುಂಬಿ. ಎಕ್ಕದ ಪರಾಗ ಪುಡಿಯಾಗಿ ಉದುರುವುದಿಲ್ಲ, ಜೋಡಿ ಗಂಟಿನ ಹಾಗೆ ಇರುತ್ತದೆ. ದುಂಬಿ ಹೂವಿನ ಕಿರೀಟ ಹಿಡಿದು ತಡಕಾಡುವಾಗ ಆ ಗಂಟು ಅದರ ಕಾಲಿಗೆ ಸಿಕ್ಕಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಸಣ್ಣ ಹುಳುಗಳಿಂದ ಈ ಕೆಲಸ ಆಗುವುದಿಲ್ಲ. ಗಿಡ ದೊಡ್ಡ ಗಿರಾಕಿಯನ್ನೇ ನಂಬಿಕೊಂಡಿದೆ.

ಆಮೇಲೆ ಎಲೆಯ ಅಡಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆ ಇರುವ, ಬೆನ್ನ ಮೇಲೆ ಮೂರು ಜೋಡಿ ಕಪ್ಪು ಕೊಂಬಿನಂಥ ಎಳೆಗಳಿರುವ ಹುಳ ಸಿಕ್ಕರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಅದು ಊಟಕ್ಕೆ ಕೂರುವುದನ್ನು ನೋಡಬೇಕು. ಮೊದಲು ಎಲೆಯ ನರ ಕಚ್ಚಿ ಹಾಲು ಹರಿದುಹೋಗಲು ಬಿಡುತ್ತದೆ, ಆಮೇಲೆ ಮುಂದಿನ ಭಾಗ ತಿನ್ನುತ್ತದೆ. ಆದರೂ ಒಂದಿಷ್ಟು ವಿಷ ಹೊಟ್ಟೆಗೆ ಹೋಗುತ್ತದೆ. ಅದನ್ನು ಮೈಯಲ್ಲೇ ಉಳಿಸಿಕೊಂಡ ಚಿಟ್ಟೆಯನ್ನು ಹಕ್ಕಿಗಳು ಒಮ್ಮೆ ಕಚ್ಚಿ ನೋಡಿದರೆ ಮತ್ತೆ ಮುಟ್ಟುವುದಿಲ್ಲ. ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ, ಡನೈಡ್ ಎಗ್‌ಫ್ಲೈ, ದೊಡ್ಡ ಪ್ಲೇನ್ ಟೈಗರ್ ಚಿಟ್ಟೆಯ ಬಣ್ಣದ ವೇಷ ಹಾಕಿಕೊಂಡು ಪುಕ್ಕಟೆ ರಕ್ಷಣೆ ಪಡೆಯುತ್ತದೆ. ಅದರ ಮರಿ ತಿನ್ನುವುದು ನಾವು ಸಾರು ಮಾಡುವ ಗೋಣಿಸೊಪ್ಪನ್ನು! ಅಂದರೆ ವೇಷ ಎಕ್ಕದ್ದು, ಊಟ ಗೋಣಿಸೊಪ್ಪಿನದು. ಹೊಲದಲ್ಲಿ ಎರಡೂ ಗಿಡ ಇದ್ದರೆ ಈ ನಾಟಕ ನೋಡಲು ಸಿಗಬಹುದು.

ಎಳೆ ಕುಡಿಯಲ್ಲಿ ಗಿಡದ ರಸ ಹೀರುವ ಹಳದಿ ಹೇನುಗಳ ಗುಂಪು, ಅವುಗಳ ಸಿಹಿ ದ್ರವಕ್ಕೆ ಬರುವ ಇರುವೆ, ಹೇನನ್ನು ತಿನ್ನಲು ಬರುವ ಗುಲಗಂಜಿ ಹುಳ ಇರುತ್ತವೆ. ಗುಲಗಂಜಿ ಹುಳದ ಮರಿಯನ್ನೂ ಗುರುತಿಟ್ಟುಕೊಳ್ಳಿ. ಅದು ದೊಡ್ಡದರ ಹಾಗೆ ದುಂಡಗೆ ಇರುವುದಿಲ್ಲ. ಉದ್ದಕ್ಕೆ, ಮುಳ್ಳುಮುಳ್ಳಾಗಿ, ಚಿಕ್ಕ ಮೊಸಳೆಯ ಹಾಗಿರುತ್ತದೆ. ಒಂದು ವರ್ಷ ನಾನು ಅವರೆ ಗಿಡದಿಂದ ಇವನ್ನೇ ಆರಿಸಿ ಆರಿಸಿ ಹಿಸುಕಿ ಹಾಕಿದ್ದೆ, ಕೀಟ ಅಂದುಕೊಂಡು. ಆಮೇಲೆ ಹೇನು ಜಾಸ್ತಿ ಆಯ್ತು ಅಂತ ಗೊಣಗಿದವನೂ ನಾನೇ.

ಕಳೆಯಿಂದ ಬೆಳೆಗೆ

ಎರಡನೇ ಗಿಡ ತುಂಬೆ. ಬಿಳಿ ಹೂವಿಗೆ ಸರ್ರನೆ ಬಂದು ಕ್ಷಣ ನಿಂತು ಮಾಯವಾಗುವ, ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟಿ ಇರುವ ಜೇನು ಕಾಣಬಹುದು. ನೀಲಿಪಟ್ಟಿ ಜೇನು ಅಂತಲೇ ಕರೆಯೋಣ. ಅದಕ್ಕೆ ತಟ್ಟಿಯಿಲ್ಲ, ಗುಂಪಿಲ್ಲ. ಹೆಣ್ಣು ಒಂಟಿಯಾಗಿ ಮಣ್ಣಿನಲ್ಲಿ, ಹಳೆ ಮಣ್ಣಿನ ಗೋಡೆಯಲ್ಲಿ ತೂತು ಕೊರೆದು ಮೊಟ್ಟೆ ಇಡುತ್ತದೆ.

ಈಗ ಪಕ್ಕದ ಬದನೆ ಸಾಲಿಗೆ ಬನ್ನಿ. ಬದನೆಯ ಪರಾಗ ಕೊಳವೆಯಂಥ ಚೀಲದೊಳಗಿದ್ದು, ತುದಿಯ ಸಣ್ಣ ರಂಧ್ರದಿಂದಷ್ಟೇ ಹೊರಬರುತ್ತದೆ. ನೀಲಿಪಟ್ಟಿ ಜೇನು ಹೂವನ್ನು ತಬ್ಬಿ ಮೈ ನಡುಗಿಸುತ್ತದೆ, ಝೇಂಕಾರ ಒಮ್ಮೆಗೇ ಏರುತ್ತದೆ, ಉಪ್ಪಿನ ಡಬ್ಬಿ ಅಲ್ಲಾಡಿಸಿದಂತೆ ಪರಾಗ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬಾರದು. ಬದನೆ ಹೂವಿಲ್ಲದ ದಿನಗಳಲ್ಲಿ ಆ ಜೇನಿಗೆ ಊಟ ಹಾಕುವುದು ತುಂಬೆಯಂಥ ಗಿಡಗಳೇ ಅಲ್ವಾ? ಬದು ಚೊಕ್ಕಟ ಮಾಡಲು ಔಷಧಿ ಹೊಡೆಯುವವರು ಇದನ್ನು ಒಮ್ಮೆ ಲೆಕ್ಕ ಹಾಕಬೇಕು.

ಅಕ್ಕಡಿ ಸಾಲಿನಲ್ಲಿ, ಅಂದರೆ ಮುಖ್ಯ ಬೆಳೆಯ ನಡುವೆ ಬಿತ್ತುವ ಬೇರೆ ಬೆಳೆಯ ಸಾಲಿನಲ್ಲಿ, ಹುಚ್ಚೆಳ್ಳು ಇದ್ದರೆ ಹೂ ಬಿಟ್ಟಾಗ ತಪ್ಪದೆ ನೋಡಿ. ಆ ಗಿಡ ತನ್ನದೇ ಪರಾಗದಿಂದ ಸರಿಯಾಗಿ ಕಾಳು ಕಟ್ಟುವುದಿಲ್ಲ, ಜೇನು ಬರಲೇಬೇಕು. ಪಾರ್ಥೇನಿಯಂ ಮೇಲೆ ಗೀರು ಗೀರಿನ ಚಿಕ್ಕ ಜೀರುಂಡೆ ಇದ್ದರೆ ಅದು ಮೆಕ್ಸಿಕೊ ಮೂಲದ್ದು. ಆ ಕಳೆ ತಿನ್ನಲೆಂದೇ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು.

ಹೋಲಿಸಿ

ಕಳೆ ಇರುವ ಒಂದು ಬದು, ಬೋಳಾದ ಒಂದು ಬದು ಆರಿಸಿಕೊಳ್ಳಿ. ಎರಡಕ್ಕೂ ಅಷ್ಟೇ ಉದ್ದ, ಹದಿನೈದೇ ನಿಮಿಷ, ಒಂದೇ ದಿನ. ಬೇರೆ ಬೇರೆ ಬಗೆ ಎಷ್ಟು ಅಂತ ಎಣಿಸಿ, ತಲೆ ಎಣಿಕೆ ಬೇಡ. ತಿಂಗಳಿಗೊಮ್ಮೆ ಮಾಡಿದರೆ ಮುಂಗಾರಿಗೂ ಸುಗ್ಗಿಗೂ ಇರುವ ವ್ಯತ್ಯಾಸ ನಿಮ್ಮ ನೋಟ್‌ಬುಕ್ಕಿನಲ್ಲೇ ಕಾಣುತ್ತದೆ. ಫೋಟೊಗಳನ್ನು ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದರೆ ತಿಳಿದವರು ಹೆಸರು ಸೂಚಿಸುತ್ತಾರೆ. ಗಿಡದ ಫೋಟೊ ಕೂಡ ಹಾಕಿ, ಇದನ್ನು ಎಲ್ಲರೂ ಮರೆಯುತ್ತಾರೆ.

ಬೆಳಗ್ಗೆ ನೀಲಿಪಟ್ಟಿ ಜೇನು ಕೈಗೆ ಸಿಗದೆ ಲೆಕ್ಕ ತಪ್ಪಿತೇ? ಕತ್ತಲಾಗುವ ಹೊತ್ತಿಗೆ ಅದೇ ಬದುವಿಗೆ ಟಾರ್ಚ್ ಹಿಡಿದು ಹೋಗಿ. ಗಂಡುಗಳು ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ನೇತಾಡುತ್ತಾ ನಿದ್ದೆ ಮಾಡುತ್ತಿರುತ್ತವೆ. ಆಗ ನಿಧಾನಕ್ಕೆ ಎಣಿಸಿಕೊಳ್ಳಿ.